ಎಂಜಿನ್ ದೀಪ, ಪಿ0171 ಕೋಡ್: ಬಿಡಿಭಾಗ ಬದಲಾಯಿಸುವ ಮೊದಲು ಮನೆಯಲ್ಲಿ ಏನೇನು ಅಳೆದು ನೋಡಬಹುದು?

ಮೇಷ್ಟ್ರು_ತುಮಕೂರು
ಭಾನುವಾರ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್, ಈವರೆಗೆ 91 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳ ಹಿಂದೆ ಕ್ಯಾತಸಂದ್ರದ ಹತ್ತಿರ ವಾಹನ ದಟ್ಟಣೆಯಲ್ಲಿ ನಿಂತಿದ್ದಾಗ ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಂಡಿತು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ, ಎಳೆತವೂ ಕಡಿಮೆಯಾಗಿರಲಿಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುವಷ್ಟು ನಡುಕವಿತ್ತು. ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿದ್ದುದು ಈಗ 14ಕ್ಕೆ ಇಳಿದಿದೆ.

ನಾನು ಒಯ್ದ ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿ ನೋಡಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೇಳಿ ಅದನ್ನು ಬದಲಾಯಿಸಿದರು. ಒಟ್ಟು 6,400 ರೂಪಾಯಿ ಆಯಿತು. ಹನ್ನೊಂದನೆಯ ದಿನ ದೀಪ ಮತ್ತೆ ಹೊತ್ತಿತು. ಎರಡನೆಯ ಸಲ ಹೋದಾಗ ಕೋಡ್ ಅಳಿಸಿ ಕಳುಹಿಸಿದರು, ಅದು ನಾಲ್ಕೇ ದಿನ ಬಾಳಿತು. ಮೂರನೆಯ ಸಲ ಪೆಟ್ರೋಲ್ ಪಂಪ್ ಬದಲಾಯಿಸಿ ನೋಡೋಣ ಎಂದರು. ಅಳತೆಯಿಲ್ಲದೆ ತೀರ್ಮಾನಕ್ಕೆ ಬರಬಾರದೆಂದು ಪದವಿಪೂರ್ವ ತರಗತಿಯ ಮಕ್ಕಳಿಗೆ ದಿನವೂ ಹೇಳುವ ನನಗೆ, ಬರೀ "ನೋಡೋಣ" ಎಂಬ ಮಾತಿನ ಮೇಲೆ ಇನ್ನೊಂದು ಬಿಡಿಭಾಗ ಕೊಳ್ಳಲು ಮನಸ್ಸು ಬರಲಿಲ್ಲ.

ಹಾಗಾಗಿ ಬ್ಲೂಟೂತ್‌ನ ಇಎಲ್‌ಎಂ327 ಅಡಾಪ್ಟರ್ (ಕಾರಿನ ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಸಾಧನ) ಒಂದನ್ನು ತರಿಸಿಕೊಂಡೆ. ಸ್ಟೀರಿಂಗಿನ ಕೆಳಗೆ, ಬಾನೆಟ್ ತೆರೆಯುವ ಹಿಡಿಯ ಪಕ್ಕದಲ್ಲಿ 16 ಪಿನ್ನಿನ ಸಾಕೆಟ್ ಸಿಕ್ಕಿತು. ಫೋನಿನಲ್ಲಿ ಕಾರ್ ಸ್ಕ್ಯಾನರ್ ತಂತ್ರಾಂಶ ಹಾಕಿಕೊಂಡು ಕೀಲಿ ತಿರುಗಿಸಿದಾಗ ಸಿಕ್ಕ ಕೋಡ್ ಪಿ0171, ಅಂದರೆ "ಬ್ಯಾಂಕ್ 1, ಮಿಶ್ರಣ ಲೀನ್" (ಮೊದಲ ಸಿಲಿಂಡರ್ ಸಾಲಿನಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ). ಕೋಡ್ ದಾಖಲಾದ ಗಳಿಗೆಯ ಚಿತ್ರವೂ, ಅಂದರೆ ಫ್ರೀಜ್ ಫ್ರೇಮ್ ಕೂಡ ಇತ್ತು: ವೇಗ 0, ಎಂಜಿನ್ 768 ಆರ್‌ಪಿಎಂ, ಕೂಲೆಂಟ್ 88 ಡಿಗ್ರಿ, ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್ +9.4, ಲಾಂಗ್ ಟರ್ಮ್ +18.8.

ಕೋಡನ್ನು ಇನ್ನೂ ಅಳಿಸಿಲ್ಲ. ಪಂಪಿಗೆ ಹಣ ಹಾಕುವ ಮೊದಲು ನಾನು ಏನನ್ನು ಅಳೆಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಸರ್ಕ್ಯೂಟ್_ಕೋಲಾರ
ಭಾನುವಾರ, ಬೆಳಿಗ್ಗೆ 11.45

ಮೇಷ್ಟ್ರೇ, ಕೋಡ್ ಅಳಿಸದೆ ಇಟ್ಟುಕೊಂಡಿದ್ದು ತುಂಬಾ ಒಳ್ಳೆಯದಾಯಿತು. ಅಳಿಸುವ ಗುಂಡಿ ಒತ್ತಿದರೆ ಕೋಡಿನ ಜೊತೆಗೆ ಫ್ರೀಜ್ ಫ್ರೇಮೂ ಹೋಗುತ್ತದೆ, ಎಂಜಿನ್ ಕಂಪ್ಯೂಟರ್ ಇಷ್ಟು ದಿನ ಕಲಿತುಕೊಂಡ ಲಾಂಗ್ ಟರ್ಮ್ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಮೊದಲು ಪ್ರತಿ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನಾನು ನರಸಾಪುರದ ಕಡೆ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದೇನೆ, ಕಾರಿನ ಕೆಲಸ ನನ್ನ ವೃತ್ತಿಯಲ್ಲ. ಆದರೆ ನಮ್ಮ ಮನೆಯ ಎರಡು ಕಾರುಗಳನ್ನು ಐದು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದೇನೆ. ಆ ಅನುಭವದಲ್ಲಿ ಕೋಡಿನ ಬಗ್ಗೆ ಎರಡು ಮಾತು. ಮೊದಲ ಅಕ್ಷರ "ಪಿ" ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಸೇರಿದ್ದು. ಮುಂದಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್, ಅಲ್ಲಿ 1 ಇದ್ದಿದ್ದರೆ ಅದು ಆಯಾ ಕಂಪನಿಯ ಸ್ವಂತದ್ದು. ಮೂರನೆಯ ಸ್ಥಾನದ 1 ಗಾಳಿ ಮತ್ತು ಇಂಧನದ ಲೆಕ್ಕವನ್ನು ಸೂಚಿಸುತ್ತದೆ. ಅದೇ ಜಾಗದಲ್ಲಿ 3 ಇದ್ದರೆ ಮಿಸ್ಸಿಂಗ್, 4 ಇದ್ದರೆ ಹೊಗೆ ನಿಯಂತ್ರಣದ ಭಾಗಗಳು. ಅಂದರೆ ಪಿ0171 ನಿಮಗೆ ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುವುದೇ ಇಲ್ಲ. "ಪೆಟ್ರೋಲ್ ಸುರಿದಷ್ಟೂ ಸಾಲದು ಎಂದು ಆಕ್ಸಿಜನ್ ಸೆನ್ಸರ್ ಹೇಳುತ್ತಿದೆ" ಎಂದಷ್ಟೇ ಅದರ ಅರ್ಥ. ಹಾಗೆ ಹೇಳಿದ ಸೆನ್ಸರನ್ನೇ ಕಿತ್ತು ಬದಲಾಯಿಸಿದ್ದು ಯಾವ ಆಧಾರದ ಮೇಲೆ ಎಂದು ನನಗೆ ತಿಳಿಯುತ್ತಿಲ್ಲ.

ಫ್ಯೂಯೆಲ್ ಟ್ರಿಮ್ ಎಂದರೆ ಮೂಲ ಲೆಕ್ಕದ ಮೇಲೆ ಕಂಪ್ಯೂಟರ್ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ. ಶಾರ್ಟ್ ಟರ್ಮ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಲಾಂಗ್ ಟರ್ಮ್ ನಿಧಾನವಾಗಿ ಕಲಿತದ್ದು. ಎರಡನ್ನೂ ಕೂಡಿ ಓದಬೇಕು. ಹತ್ತರ ಒಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮ್ಮದು ಕೂಡಿದರೆ +28; ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲನ್ನು ಮೇಲಿಂದ ಸುರಿಯುತ್ತಿದೆ. ಮೈಲೇಜ್ ಇಳಿದದ್ದಕ್ಕೂ ಇದಕ್ಕೂ ನಂಟಿದೆ.

ಈಗ ಬೇಕಾಗಿರುವುದು ಎರಡನೆಯ ಅಳತೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಬಯಲಿನಲ್ಲಿ ನಿಲ್ಲಿಸಿ, 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಟ್ರಿಮ್ ಓದಿ. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು ರೇಸ್ ಮಾಡಿದಾಗ ಇಳಿದರೆ ಇನ್‌ಟೇಕ್ ಕಡೆ (ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಯಲ್ಲಿ) ಏರ್ ಲೀಕ್ ಇದೆ ಎಂದೂ, ರೇಸ್ ಮಾಡಿದಷ್ಟೂ ಏರಿದರೆ ಪಂಪ್ ಅಥವಾ ಫಿಲ್ಟರ್ ಸೋತಿದೆ ಎಂದೂ ಎಲ್ಲ ಪುಸ್ತಕಗಳೂ ಹೇಳುತ್ತವೆ.

ಅಡಾಪ್ಟರಿನ ಬಗ್ಗೆ ಒಂದು ಎಚ್ಚರಿಕೆ. ಮೂಲ ಇಎಲ್‌ಎಂ327 ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯದು, 2022ರಲ್ಲಿ ಆ ಸಂಸ್ಥೆ ಮುಚ್ಚಿತು. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದವೆಲ್ಲ ನಕಲುಗಳು, "ಆವೃತ್ತಿ 1.5" ಎಂದು ಮೂಲ ಸಂಸ್ಥೆ ಯಾವ ಚಿಪ್ಪನ್ನೂ ಹೊರತಂದಿರಲಿಲ್ಲ. ಅವು ಕೆಲಸ ಮಾಡುತ್ತವೆ, ಆದರೆ ಅವುಗಳಲ್ಲಿ ಕೆಲವು ಅಡಾಪ್ಟರುಗಳು ಅರ್ಧದಷ್ಟು ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಪರದೆಯಲ್ಲಿ ಒಂದು ಅಂಕಿ ಕದಲದೆ ನಿಂತರೆ ಸೆನ್ಸರ್ ಸತ್ತಿದೆ ಎಂದುಕೊಳ್ಳುವ ಮೊದಲು ಅಡಾಪ್ಟರನ್ನು ತೆಗೆದು ಮತ್ತೆ ಹಾಕಿ ನೋಡಿ. ಕೆಲಸವಾದ ಮೇಲೆ ಸಾಕೆಟ್ಟಿನಲ್ಲಿಯೇ ಬಿಟ್ಟುಬಿಡಬೇಡಿ, ಅದರ 16ನೆಯ ಪಿನ್ನಿಗೆ ಬ್ಯಾಟರಿ ಯಾವಾಗಲೂ ನೇರವಾಗಿ ಸೇರಿರುತ್ತದೆ.

ಗುಬ್ಬಿ_ನಿವೃತ್ತ
ಭಾನುವಾರ, ಮಧ್ಯಾಹ್ನ 1.10

ನನ್ನ ಕಾರು 2005ರದು. ಸ್ಟೀರಿಂಗ್ ಕೆಳಗೆ ಇದೇ ರೀತಿಯ ಸಾಕೆಟ್ ಇದೆ, ಮೊಮ್ಮಗನ ಅಡಾಪ್ಟರ್ ಹಾಕಿದರೆ ದೀಪ ಮಿನುಗುತ್ತದೆ, ಆದರೆ ತಂತ್ರಾಂಶ "ಸಂಪರ್ಕ ಸಿಗಲಿಲ್ಲ" ಎನ್ನುತ್ತದೆ. ಕಾರಿನ ಕಂಪ್ಯೂಟರ್ ಕೆಟ್ಟಿದೆಯೇ?

ಶಿರಾಗೇಟ್_ಮೆಕ್ಯಾನಿಕ್
ಭಾನುವಾರ, ರಾತ್ರಿ 9.30

ಗುಬ್ಬಿಯ ಹಿರಿಯರೇ, ನಿಮ್ಮ ಕಂಪ್ಯೂಟರ್ ಚೆನ್ನಾಗಿಯೇ ಇರುತ್ತದೆ, ಹೆದರಬೇಡಿ. ಅಮೆರಿಕದಲ್ಲಿ 1996ರ ಮಾದರಿಗಳಿಂದಲೇ ಒಬಿಡಿ-2, ಅಂದರೆ ಎಲ್ಲ ಸ್ಕ್ಯಾನರುಗಳಿಗೂ ಅರ್ಥವಾಗುವ ಸಮಾನ ಭಾಷೆ, ಕಡ್ಡಾಯವಾಗಿತ್ತು. ನಮ್ಮ ದೇಶದಲ್ಲಿ ಬಿಎಸ್-4 ಗಾಡಿಗಳಿಗೆ ಒಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಬಂತು. ಅದಕ್ಕಿಂತ ಹಿಂದಿನ ಎಷ್ಟೋ ಗಾಡಿಗಳಲ್ಲಿ ಸಾಕೆಟ್ ಅದೇ ಆಕಾರದ್ದಾದರೂ ಒಳಗಿನ ಭಾಷೆ ಕಂಪನಿಯ ಸ್ವಂತದ್ದು. ಅಡಾಪ್ಟರಿನ ದೀಪ ಹೊತ್ತಿತೆಂದರೆ ಬ್ಯಾಟರಿಯ ಕರೆಂಟ್ ಬಂತು ಎಂದಷ್ಟೇ. ಆ ಕಂಪನಿಯ ಸ್ಕ್ಯಾನರ್ ಇರುವವರ ಹತ್ತಿರವೇ ಅದನ್ನು ತೋರಿಸಬೇಕು.

ಇನ್ನು ಮೇಷ್ಟ್ರ ವಿಷಯ. ನಾನು ಹತ್ತೊಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕೋಲಾರದ ಮೇಡಂ ಬರೆದದ್ದೆಲ್ಲ ಸರಿಯಾಗಿದೆ, ಆದರೆ ಒಂದು ಕಡೆ ತಡೆದು ನಿಲ್ಲಬೇಕು. ಐಡ್ಲಿಂಗ್‌ನಲ್ಲಿ ಲೀನ್ ಇದ್ದರೆ ಏರ್ ಲೀಕ್ ಎಂಬ ಪುಸ್ತಕದ ಮಾತು, ಒಳಹೋಗುವ ಗಾಳಿಯ ತೂಕವನ್ನು ಅಳೆಯುವ ಮ್ಯಾಫ್ ಸೆನ್ಸರ್ ಇರುವ ಎಂಜಿನ್‌ಗಳಿಗೆ ಹೊಂದುತ್ತದೆ. ಸೆನ್ಸರ್ ದಾಟಿದ ಮೇಲೆ ತೂತಿನಿಂದ ಒಳಬಂದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಪೆಟ್ರೋಲ್ ಕಡಿಮೆ ಬೀಳುತ್ತದೆ. ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಮ್ಯಾಫ್ ಇರುವುದೇ ಇಲ್ಲ, ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಂಥದ್ದರಲ್ಲಿ ಎಲ್ಲಿಂದ ಗಾಳಿ ಬಂದರೂ ಒತ್ತಡ ಏರುತ್ತದೆ, ಅದನ್ನು ಕಂಡ ಕಂಪ್ಯೂಟರ್ ಪೆಟ್ರೋಲನ್ನೂ ಏರಿಸುತ್ತದೆ. ಟ್ರಿಮ್ ಅಷ್ಟಾಗಿ ಕದಲುವುದಿಲ್ಲ, ಐಡ್ಲಿಂಗ್ ಮಾತ್ರ ಏರಿ ನಿಲ್ಲುತ್ತದೆ. ನಿಮ್ಮದು 768 ಇದೆ, ಏರಿಲ್ಲ.

ಆದ್ದರಿಂದ ಮೇಷ್ಟ್ರೇ, ತಂತ್ರಾಂಶದ ಲೈವ್ ಡೇಟಾ ಪಟ್ಟಿಯಲ್ಲಿ ನಿಮಗೆ ಕಾಣುವುದು ಮ್ಯಾಫ್ ಅಂಕಿಯೋ, ಮ್ಯಾಪ್ ಅಂಕಿಯೋ ನೋಡಿ ಹೇಳಿ. ಮ್ಯಾಪ್ ಇದ್ದರೆ ಎಂಜಿನ್ ಹೊತ್ತಿಸದೆ ಕೀಲಿ ಮಾತ್ರ ಆನ್ ಮಾಡಿ ಒತ್ತಡ ಎಷ್ಟಿದೆ ಎಂದು ಬರೆದುಕೊಳ್ಳಿ, ಆಮೇಲೆ ಐಡ್ಲಿಂಗ್‌ನಲ್ಲಿ ಬರೆದುಕೊಳ್ಳಿ. ಆ ಸೆನ್ಸರೇ ತಪ್ಪಾಗಿ ಕಡಿಮೆ ತೋರಿಸುತ್ತಿದ್ದರೂ ಪೆಟ್ರೋಲ್ ಕಡಿಮೆ ಬೀಳುತ್ತದೆ. ಇನ್ನೊಂದು, ಸೈಲೆನ್ಸರ್ ಬಾಯಿಯೊಳಗೆ ಬೆರಳಾಡಿಸಿ ಬಣ್ಣ ಹೇಗಿದೆ ನೋಡಿ. ಕಂಪ್ಯೂಟರ್ ಏನೇ ಹೇಳಲಿ, ಆ ಮಸಿಯನ್ನು ನಾನು ತಪ್ಪದೆ ಕೇಳುತ್ತೇನೆ.

ಮೇಷ್ಟ್ರು_ತುಮಕೂರು
ಮಂಗಳವಾರ, ರಾತ್ರಿ 8.15

ಇಬ್ಬರಿಗೂ ಕೃತಜ್ಞತೆಗಳು. ಎರಡು ಸಂಜೆಯ ಅಳತೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಮ್ಯಾಫ್ ಇಲ್ಲ, ಮ್ಯಾಪ್ ಇದೆ. ಎಂಜಿನ್ ಹೊತ್ತಿಸದೆ ನೋಡಿದಾಗ 92 ಕಿಲೋಪ್ಯಾಸ್ಕಲ್ ತೋರಿಸಿತು. ಸಮುದ್ರಮಟ್ಟದಲ್ಲಿ ಇದು ಸುಮಾರು 101 ಇರಬೇಕು; ತುಮಕೂರು 800 ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿರುವುದರಿಂದ 92 ಎಂಬುದು ಸರಿಯಾದ ವಾಯುಭಾರವೇ. ಒಂದೇ ಬಿಂದುವಿನಲ್ಲಿ ಸರಿಯಿದ್ದರೆ ಸಾಲದೆಂದು ಸೋಮವಾರ ಸಂಜೆ ದೇವರಾಯನದುರ್ಗಕ್ಕೆ ಹೋಗಿ, ಬೆಟ್ಟದ ಮೇಲೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಮತ್ತೆ ನೋಡಿದೆ. 88 ಇತ್ತು. ಅಲ್ಲಿಯ ಎತ್ತರ ಸುಮಾರು 1,200 ಮೀಟರ್, ಲೆಕ್ಕ ಹಾಕಿದರೂ 88ರ ಆಸುಪಾಸಿಗೇ ಬರುತ್ತದೆ. ವಾಯುಭಾರಮಾಪಕವೊಂದು ನನ್ನ ಕಾರಿನೊಳಗೇ ಹತ್ತು ವರ್ಷದಿಂದ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ವಾರ ತರಗತಿಯಲ್ಲಿ ಇದನ್ನೇ ಉದಾಹರಣೆಯಾಗಿ ಕೊಡಲಿದ್ದೇನೆ. ಮ್ಯಾಪ್ ಸೆನ್ಸರ್ ಸರಿಯಾಗಿದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಐಡ್ಲಿಂಗ್‌ನಲ್ಲಿ ಅದು 33ರಿಂದ 34ರ ನಡುವೆ ನಿಲ್ಲುತ್ತದೆ.

ಟ್ರಿಮ್: ಐಡ್ಲಿಂಗ್‌ನಲ್ಲಿ ಎರಡೂ ಕೂಡಿ +27ರಿಂದ +29, 2,500 ಆರ್‌ಪಿಎಂನಲ್ಲಿ ಲಾಂಗ್ ಟರ್ಮ್ +4.7, ಶಾರ್ಟ್ ಟರ್ಮ್ +1.6. ರೇಸ್ ಬಿಟ್ಟ ಅರ್ಧ ನಿಮಿಷದಲ್ಲಿ ಮತ್ತೆ ಇಪ್ಪತ್ತರ ಮೇಲೆ ಹೋಗುತ್ತದೆ.

ಪಂಪಿನ ಬಗ್ಗೆಯೂ ಒಂದು ಗಮನಿಕೆಯಿದೆ. ಬೆಟ್ಟ ಹತ್ತುವಾಗ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ "ಓಪನ್ ಲೂಪ್" (ಆಕ್ಸಿಜನ್ ಸೆನ್ಸರಿನ ಮಾತು ಕೇಳದೆ ನಡೆಯುವ ಸ್ಥಿತಿ) ಎಂದು ತೋರಿಸಿ ಟ್ರಿಮ್ ಅಂಕಿಗಳು ನಿಂತುಬಿಟ್ಟವು, ಆದರೆ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.85ರಲ್ಲಿ ಗಟ್ಟಿಯಾಗಿ ನಿಂತಿತು. ಮಗ ಪಕ್ಕದಲ್ಲಿ ಕುಳಿತು ಫೋನ್ ನೋಡಿ ಬರೆದುಕೊಂಡದ್ದು. ಸ್ಟೀರಿಂಗ್ ಹಿಡಿದವರು ಪರದೆ ನೋಡುವ ಸಾಹಸ ಮಾಡಬೇಡಿ. ಆ ಸೆನ್ಸರ್ 0.1ರ ಹತ್ತಿರವಿದ್ದರೆ ಲೀನ್, 0.9ರ ಹತ್ತಿರವಿದ್ದರೆ ಪೆಟ್ರೋಲ್ ಸಮೃದ್ಧ ಎಂದು ಓದಿದ್ದೇನೆ. ಎಂಜಿನ್ ಅತಿ ಹೆಚ್ಚು ಪೆಟ್ರೋಲ್ ಕೇಳುವ ಹೊತ್ತಿನಲ್ಲಿಯೂ ಪಂಪ್ ಸಾಕಷ್ಟು ಕೊಡುತ್ತಿದೆ ಎಂದು ನಾನು ಅರ್ಥಮಾಡಿಕೊಂಡೆ, ತಪ್ಪಿದ್ದರೆ ತಿದ್ದಿ.

ಸೈಲೆನ್ಸರ್ ಬಾಯಿ ಕಪ್ಪಾಗಿದೆ. ಒಣಗಿದ, ಕಾಡಿಗೆಯಂಥ ಮಸಿ ಬೆರಳಿಗೆ ಹತ್ತಿತು.

ಏಕಶಿಲೆ_ಮಧುಗಿರಿ
ಮಂಗಳವಾರ, ರಾತ್ರಿ 9.05

ಇದೆಲ್ಲ ಇಪ್ಪತ್ತು ಶೇಕಡ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಆಗಿರಬಹುದಲ್ಲವೇ? ನನ್ನ 2013ರ ಕಾರಿನಲ್ಲಿಯೂ ಟ್ರಿಮ್ ಪ್ಲಸ್ ಕಡೆಗೇ ಇದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಲೀನ್ ತೋರಿಸುತ್ತದೆ ಎಂದು ಕೇಳಿದ್ದೇನೆ.

ಸರ್ಕ್ಯೂಟ್_ಕೋಲಾರ
ಮಂಗಳವಾರ, ರಾತ್ರಿ 10.00

ಸ್ವಲ್ಪ ಮಟ್ಟಿಗೆ ಹೌದು, ಮತ್ತು ಎಷ್ಟು ಮಟ್ಟಿಗೆ ಎಂದು ಲೆಕ್ಕ ಹಾಕಬಹುದು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಹತ್ತು ಶೇಕಡ ಎಥನಾಲ್ ಇದ್ದ ಪೆಟ್ರೋಲಿನಿಂದ ಇಪ್ಪತ್ತು ಶೇಕಡದ್ದಕ್ಕೆ ಬಂದಾಗ ಅದೇ ಗಾಳಿಗೆ ನಾಲ್ಕು ಶೇಕಡದಷ್ಟು ಹೆಚ್ಚು ಇಂಧನ ಹಾಕಬೇಕಾಗುತ್ತದೆ. 2025ರ ಹೊತ್ತಿಗೆ ದೇಶದಲ್ಲಿ ಇಪ್ಪತ್ತು ಶೇಕಡ ಮಿಶ್ರಣದ ಗುರಿ ಮುಟ್ಟಿದ್ದರಿಂದ ನಮ್ಮೆಲ್ಲರ ಹಳೆಯ ಕಾರುಗಳಲ್ಲಿಯೂ ಟ್ರಿಮ್ ಅಷ್ಟು ಮೇಲಕ್ಕೆ ಸರಿದಿರುವುದು ಸಹಜ. ಆದರೆ ಆ ಏರಿಕೆ ಐಡ್ಲಿಂಗ್‌ನಲ್ಲಿಯೂ ಹೆದ್ದಾರಿಯಲ್ಲಿಯೂ ಒಂದೇ ಸಮ ಇರುತ್ತದೆ. ಮೇಷ್ಟ್ರ ಕಾರಿನಲ್ಲಿ 2,500ರಲ್ಲಿ ಉಳಿಯುವ +6ರಲ್ಲಿ ಬಹುಪಾಲು ಪೆಟ್ರೋಲಿನದೇ ಇರಬಹುದು, ಐಡ್ಲಿಂಗ್‌ನಲ್ಲಿ ಮಾತ್ರ ಕಾಣುವ ಉಳಿದ ಇಪ್ಪತ್ತಕ್ಕೆ ಬೇರೆ ಕಾರಣ ಬೇಕು.

ಇನ್‌ಟೇಕ್ ಏರ್ ಲೀಕ್ ಎಂಬ ನನ್ನ ಊಹೆ ಈ ಎಂಜಿನ್‌ಗೆ ಹೊಂದುವುದಿಲ್ಲ ಎಂದು ಒಪ್ಪುತ್ತೇನೆ. ನನ್ನ ಎರಡು ಕಾರುಗಳಲ್ಲಿಯೂ ಮ್ಯಾಫ್ ಇದೆ, ಹಾಗಾಗಿ ಆ ವ್ಯತ್ಯಾಸ ನನ್ನ ಗಮನಕ್ಕೆ ಬಂದೇ ಇರಲಿಲ್ಲ. ಮಸಿಯ ಸಂಗತಿ ಮಾತ್ರ ನನಗೆ ಬಿಡಿಸಲಾಗುತ್ತಿಲ್ಲ. ಮಿಶ್ರಣ ಲೀನ್ ಆಗಿದ್ದರೆ ಸೈಲೆನ್ಸರ್ ಬಾಯಿ ಬೂದುಬಣ್ಣಕ್ಕೆ ಇರಬೇಕಲ್ಲವೇ?

ಶಿರಾಗೇಟ್_ಮೆಕ್ಯಾನಿಕ್
ಬುಧವಾರ, ರಾತ್ರಿ 9.50

ಮೇಡಂ ಕೇಳಿದ ಆ ಪ್ರಶ್ನೆಯಲ್ಲಿಯೇ ಉತ್ತರವಿದೆ. ಸೈಲೆನ್ಸರ್ ಕಪ್ಪಗಿದೆ ಎಂದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿಯೇ ಬೀಳುತ್ತಿದೆ. ಸೆನ್ಸರ್ ಆಮ್ಲಜನಕ ಹೆಚ್ಚಿದೆ ಎನ್ನುತ್ತಿದೆ. ಹಳೆಯ ಸೆನ್ಸರೂ ಅದನ್ನೇ ಹೇಳಿತು, ಹೊಸದೂ ಅದನ್ನೇ ಹೇಳುತ್ತಿದೆ, ಅಂದರೆ ಎರಡೂ ನಿಜವನ್ನೇ ಹೇಳುತ್ತಿವೆ. ಆ ಆಮ್ಲಜನಕ ಸಿಲಿಂಡರಿನಿಂದ ಬಂದದ್ದಲ್ಲ, ಸಿಲಿಂಡರ್ ದಾಟಿದ ಮೇಲೆ, ಸೆನ್ಸರಿಗೆ ಮುಟ್ಟುವ ಮೊದಲು, ಹೊರಗಿನಿಂದ ಸೇರಿಕೊಳ್ಳುತ್ತಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಹೊಗೆ ಕೂಡಿಸುವ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಸೋರದಂತೆ ಹಾಕಿರುವ ಪಟ್ಟಿ, ಎಂದು ನನ್ನ ಅನುಮಾನ.

ಒತ್ತಡದಿಂದ ಹೊಗೆ ಹೊರಗೆ ಬರುವ ಕಡೆ ಗಾಳಿ ಒಳಗೆ ಹೇಗೆ ಹೋಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಒಂದೊಂದು ಸಿಲಿಂಡರ್ ಒಂದೊಂದು ಸಲ ಉಗುಳುತ್ತದೆ. ಎರಡು ಉಗುಳಿನ ನಡುವೆ ಒಳಗಿನ ಒತ್ತಡ ಹೊರಗಿಗಿಂತ ಕೆಳಗಿಳಿದು, ಸಂದಿಯಿದ್ದಲ್ಲಿ ಗಾಳಿಯನ್ನು ಹೀರಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಆ ಬಿಡುವು ದೊಡ್ಡದು, ಹೊಗೆಯ ಪ್ರಮಾಣವೂ ಸ್ವಲ್ಪ, ಆದ್ದರಿಂದ ಒಳಸೇರಿದ ಗಾಳಿಯ ಪಾಲು ಸೆನ್ಸರಿಗೆ ದೊಡ್ಡದಾಗಿ ಕಾಣುತ್ತದೆ. ರೇಸ್ ಮಾಡಿದಾಗ ಬಿಡುವೇ ಇರುವುದಿಲ್ಲ. ನಿಮ್ಮ ಅಂಕಿಗಳು ಹಾಗೇ ಇವೆ. ಪಂಪಿನ ಬಗ್ಗೆ ನೀವು ಬರೆದದ್ದು ಸರಿ, ಅದನ್ನು ಮುಟ್ಟಬೇಡಿ.

ಈಗ ತಂತ್ರಾಂಶವನ್ನು ಬದಿಗಿಡಿ. ಬೆಳಿಗ್ಗೆ ತಣ್ಣಗಿರುವಾಗ ಬಾನೆಟ್ ತೆರೆದು, ಮೊದಲ ಒಂದೆರಡು ನಿಮಿಷ "ಟಿಕ್ ಟಿಕ್" ಎಂಬ ಶಬ್ದ ಇದೆಯೇ, ಬಿಸಿಯಾದಂತೆ ಅದು ಅಡಗುತ್ತದೆಯೇ ಕೇಳಿ. ಲೋಹ ಹಿಗ್ಗಿ ಸಂದಿ ಮುಚ್ಚಿಕೊಂಡಂತೆ ಶಬ್ದ ಕಡಿಮೆಯಾಗುತ್ತದೆ. ಆಮೇಲೆ ಇನ್ನೊಂದು ದಿನ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಹೊತ್ತಿಸದೆ, ಮನೆಯಲ್ಲಿ ಬ್ಲೋವರ್ ಇದ್ದರೆ ಅದರ ಗಾಳಿಯನ್ನು ಸೈಲೆನ್ಸರ್ ಬಾಯಿಯಿಂದ ಒಳಗೆ ಬಿಡಿ, ಸುತ್ತ ಒದ್ದೆ ಬಟ್ಟೆ ಸುತ್ತಿ. ಮ್ಯಾನಿಫೋಲ್ಡ್ ಜೋಡಣೆಯ ಮೇಲೂ ಸೆನ್ಸರಿನ ಬುಡದ ಮೇಲೂ ಸೋಪಿನ ನೀರು ಚಿಮುಕಿಸಿ ನೋಡಿ. ಹೊಸ ಸೆನ್ಸರನ್ನು ಬಿಗಿ ಮಾಡದೆ ಬಿಟ್ಟಿದ್ದರೂ ಇದೇ ತೊಂದರೆ ಬರುತ್ತದೆ.

ಟೊಮೆಟೊ_ಚಿಂತಾಮಣಿ
ಗುರುವಾರ, ಬೆಳಿಗ್ಗೆ 6.30

ಅಣ್ಣ, ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು 2021ರ ಬಿಎಸ್-6 ಡೀಸೆಲ್ ಗಾಡಿ. ತೋಟದಿಂದ ಮಾರುಕಟ್ಟೆಗೆ ದಿನಕ್ಕೆ ನಾಲ್ಕು ಸಲ ಏಳೆಂಟು ಕಿಲೋಮೀಟರ್ ಓಡುತ್ತದೆ. ಪಿ2463 ಬರುತ್ತಿದೆ, ನಾನು ಫೋನಿನಿಂದ ಅಳಿಸುತ್ತೇನೆ, ವಾರದೊಳಗೆ ಮತ್ತೆ ಬರುತ್ತದೆ. ಇದರಲ್ಲಿಯೂ ಗ್ಯಾಸ್ಕೆಟ್ ನೋಡಬೇಕೇ?

ಶಿರಾಗೇಟ್_ಮೆಕ್ಯಾನಿಕ್
ಗುರುವಾರ, ಮಧ್ಯಾಹ್ನ 2.20

ಇಲ್ಲ ತಮ್ಮಾ, ನಿನ್ನದು ಬೇರೆಯೇ ವಿಷಯ. ಪಿ2463 ಎಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ತುಂಬಿಕೊಂಡಿದೆ ಎಂದು. ಕೋಡ್ ಅಳಿಸಿದರೆ ದೀಪ ಆರುತ್ತದೆ, ಮಸಿ ಅಲ್ಲೇ ಇರುತ್ತದೆ. ಆ ಮಸಿ ಉರಿದುಹೋಗಲು ಫಿಲ್ಟರ್ ಸುಮಾರು 600 ಡಿಗ್ರಿಗೆ ಬಿಸಿಯಾಗಬೇಕು, ಏಳೆಂಟು ಕಿಲೋಮೀಟರಿನ ಓಟದಲ್ಲಿ ಅದು ಆಗುವುದೇ ಇಲ್ಲ. ಗಾಡಿಯಲ್ಲಿ ಬೇರೆ ಕೋಡ್ ಇಲ್ಲದಿದ್ದರೆ, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸು. ಕೆಲವು ತಂತ್ರಾಂಶಗಳಲ್ಲಿ ನಿಂತಲ್ಲೇ ಮಸಿ ಸುಡಿಸುವ ಆಯ್ಕೆ ಇರುತ್ತದೆ. ಶೆಡ್ಡಿನೊಳಗಾಗಲಿ, ಒಣಹುಲ್ಲಿನ ಹತ್ತಿರವಾಗಲಿ ಅದನ್ನು ಎಂದಿಗೂ ಒತ್ತಬೇಡ, ಸೈಲೆನ್ಸರಿನ ಶಾಖಕ್ಕೆ ಹುಲ್ಲು ಹೊತ್ತಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಓಡಿಸಿದ ಮೇಲೂ ಕೋಡ್ ಬಂದರೆ ಕಂಪನಿಯ ಸ್ಕ್ಯಾನರಿನಲ್ಲಿ ಮಸಿಯ ಪ್ರಮಾಣ ನೋಡಿಸು.

ಮೇಷ್ಟ್ರು_ತುಮಕೂರು
ಭಾನುವಾರ, ಸಂಜೆ 6.40

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಬಾನೆಟ್ ತೆರೆದು ಹೊತ್ತಿಸಿದೆ. ಹೊಲಿಗೆ ಯಂತ್ರ ನಿಧಾನವಾಗಿ ಓಡಿದಂಥ ಶಬ್ದ ರೇಡಿಯೇಟರಿನ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು, ಮೂರು ನಿಮಿಷದೊಳಗೆ ಕರಗಿಹೋಯಿತು. ಇಷ್ಟು ದಿನ ಕಿಟಕಿ ಏರಿಸಿಕೊಂಡು ರೇಡಿಯೋ ಹಾಕಿ ಹೊರಡುತ್ತಿದ್ದವನಿಗೆ ಅದು ಕಿವಿಗೆ ಬಿದ್ದೇ ಇರಲಿಲ್ಲ.

ಇಂದು ಬೆಳಿಗ್ಗೆ ಪರೀಕ್ಷೆ ಮಾಡಿದೆವು. ಮ್ಯಾನಿಫೋಲ್ಡಿನ ಮೇಲೆ ತಗಡಿನ ಶಾಖ ತಡೆ ಇತ್ತು, 10ರ ಸ್ಪ್ಯಾನರಿನಲ್ಲಿ ಮೂರು ಬೋಲ್ಟು ಬಿಚ್ಚಿದ ಮೇಲೆ ಅದು ಹೊರಬಂತು. ಬ್ಲೋವರ್ ಹಚ್ಚುವ ಮೊದಲೇ ಕಣ್ಣಿಗೆ ಬಿದ್ದದ್ದು, ನಾಲ್ಕನೆಯ ಸಿಲಿಂಡರಿನ ಕಡೆ ಗ್ಯಾಸ್ಕೆಟ್ಟಿನ ಅಂಚಿನಿಂದ ಹೊರಟು ಬೀಸಣಿಗೆಯಂತೆ ಹರಡಿದ ಕಪ್ಪು ಗೆರೆ. ಮಗ ಹಿಂದೆ ಬ್ಲೋವರ್ ಹಿಡಿದ, ನಾನು ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಚಿಮುಕಿಸಿದೆ. ಸೆನ್ಸರಿನ ಬುಡದಲ್ಲಿ ಏನೂ ಆಗಲಿಲ್ಲ. ಆ ಕಪ್ಪು ಗೆರೆಯ ಬುಡದಲ್ಲಿ ಮೊದಲು ಸಣ್ಣ ನೊರೆ ಕಾಣಿಸಿತು, ಆಮೇಲೆ ಕಡಲೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯತೊಡಗಿದವು. ಅಲ್ಲಿನ ನಟ್ಟನ್ನು ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು ಸಡಿಲವಾಗಿತ್ತು.

ವಿಡಿಯೋ ತೆಗೆದಿಟ್ಟುಕೊಂಡಿದ್ದೇನೆ. ನಟ್ಟನ್ನು ನಾನೇ ಬಿಗಿ ಮಾಡಬಹುದೇ?

ಶಿರಾಗೇಟ್_ಮೆಕ್ಯಾನಿಕ್
ಭಾನುವಾರ, ರಾತ್ರಿ 8.00

ಬೇಡ ಮೇಷ್ಟ್ರೇ. ಶಾಖಕ್ಕೆ ಬೆಂದ ಸ್ಟಡ್ (ನಟ್ಟು ಕೂತಿರುವ ಕಡ್ಡಿ) ಮುರಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವ ತನಕ ಕೆಲಸ ಹೋಗುತ್ತದೆ. ಒಮ್ಮೆ ಹೊಗೆ ಸೋರಿದ ಗ್ಯಾಸ್ಕೆಟ್ ಬಿಗಿ ಮಾಡಿದರೂ ಮತ್ತೆ ಹಿಡಿಯುವುದಿಲ್ಲ. ಯಾರ ಹತ್ತಿರವಾದರೂ ಮಾಡಿಸಿ, ಆದರೆ ಮ್ಯಾನಿಫೋಲ್ಡ್ ಮುಖ ಡೊಂಕಾಗಿದೆಯೇ ಎಂದು ಸ್ಟೀಲ್ ಪಟ್ಟಿ ಇಟ್ಟು ನೋಡಲು ಹೇಳಿ. ಕೆಲಸ ಮುಗಿದ ಮೇಲೆಯೇ ಕೋಡ್ ಅಳಿಸಿ.

ಮೇಷ್ಟ್ರು_ತುಮಕೂರು
ಮುಂದಿನ ಶನಿವಾರ, ರಾತ್ರಿ 9.15

ಸೋಮವಾರ ಬೇರೊಂದು ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಮತ್ತು ಎಲ್ಲ ನಟ್ಟುಗಳನ್ನು ಬದಲಾಯಿಸಿಸಿದೆ. ಗ್ಯಾಸ್ಕೆಟ್ 380 ರೂಪಾಯಿ, ನಟ್ಟುಗಳು 160, ಕೂಲಿ 1,200. ಗುಳ್ಳೆಯ ವಿಡಿಯೋವನ್ನೂ ಅಂಕಿಗಳನ್ನು ಬರೆದ ಹಾಳೆಯನ್ನೂ ತೋರಿಸಿದೆ. ಅವರು ಎರಡನ್ನೂ ಸಮಾಧಾನವಾಗಿ ನೋಡಿ, ತಾವೂ ಒಮ್ಮೆ ಸೋಪಿನ ನೀರು ಹಾಕಿ ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿದರು. ಮ್ಯಾನಿಫೋಲ್ಡ್ ಮುಖ ನೇರವಾಗಿಯೇ ಇತ್ತು.

ಕೋಡ್ ಅಳಿಸಿ ಐದು ದಿನ ಕಾಲೇಜಿಗೆ ಓಡಿಸಿದೆ. ಒಂದು ದಿನ ದಾಬಸ್‌ಪೇಟೆಯವರೆಗೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗಿ ಬಂದೆ. ಈಗ ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ +3.9, ಶಾರ್ಟ್ ಟರ್ಮ್ ಸೊನ್ನೆಯ ಆಚೀಚೆ ಆಡುತ್ತಿದೆ, 2,500ರಲ್ಲಿ +4.7. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಮೇಡಂ ಹೇಳಿದಂತೆ ಉಳಿದದ್ದು ಪೆಟ್ರೋಲಿನದೇ ಇರಬೇಕು. ಕೈಗೆ ತಿಳಿಯುತ್ತಿದ್ದ ನಡುಕ ನಿಂತಿದೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡದ್ದನ್ನು ತೋರಿಸುವ ತಂತ್ರಾಂಶದ ಮಾನಿಟರ್ ಪಟ್ಟಿಯಲ್ಲಿ ಮೊದಲ ಮೂರು ದಿನ "ಅಪೂರ್ಣ" ಎಂದಿದ್ದ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಎರಡೂ ಇಂದು "ಪೂರ್ಣ" ಎಂದು ಬಂದಿವೆ, ಪೆಂಡಿಂಗ್ ಕೋಡ್, ಅಂದರೆ ಇನ್ನೂ ಖಚಿತವಾಗದ ದೋಷ, ಯಾವುದೂ ಇಲ್ಲ. ಮೈಲೇಜ್ ಹೇಳಲು ಇನ್ನೂ ಒಂದು ಟ್ಯಾಂಕ್ ಖಾಲಿಯಾಗಬೇಕು.

ಶಿರಾಗೇಟ್_ಮೆಕ್ಯಾನಿಕ್
ಮುಂದಿನ ಶನಿವಾರ, ರಾತ್ರಿ 10.05

ಬಹಳ ಸಂತೋಷ ಮೇಷ್ಟ್ರೇ. ಐನೂರು ಕಿಲೋಮೀಟರ್ ಆದ ಮೇಲೆ, ಎಂಜಿನ್ ತಣ್ಣಗಿರುವಾಗ, ಆ ನಟ್ಟುಗಳ ಬಿಗಿಯನ್ನು ಅವರ ಹತ್ತಿರವೇ ಒಮ್ಮೆ ನೋಡಿಸಿ. ಶಾಖ ತಡೆಯ ತಗಡನ್ನು ಮರೆಯದೆ ಹಾಕಿಸಿಕೊಂಡಿದ್ದೀರಲ್ಲವೇ? ಅದಿಲ್ಲದಿದ್ದರೆ ಪಕ್ಕದ ಸೆನ್ಸರ್ ವೈರು ಬೇಸಿಗೆಯಲ್ಲಿ ಕರಗುತ್ತದೆ.